ಕೊಯ್ಲಿನ ಕಾಲವೇ ಕಾಯಿಲೆಯ ಕಾಲ
ಮಂಗನ ಕಾಯಿಲೆ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಮಲೆನಾಡಿನ ಬೆಳೆಗಾರನಿಗೆ ವರ್ಷದಲ್ಲಿ ಉಸಿರಾಡಲು ಬಿಡುವಿಲ್ಲದ ಕಾಲವೆಂದರೆ ದೀಪಾವಳಿಯಿಂದ ಯುಗಾದಿಯ ವರೆಗಿನ ದಿನಗಳು. ಅಡಿಕೆ ಕೊನೆ ಇಳಿಸುವುದು, ಸುಲಿಸುವುದು, ಬೇಯಿಸುವುದು, ಒಣಗಿಸುವುದು ಒಂದು ಕಡೆ. ಅರೇಬಿಕಾ ಮುಗಿಯುವುದರೊಳಗೆ ರೊಬಸ್ಟಾ ಹಣ್ಣಾಗಿ, ಕಾಫಿ ಕುಯಿಲಿನ ಗಡಿಬಿಡಿ ಇನ್ನೊಂದು ಕಡೆ. ಇದರ ನಡುವೆಯೇ ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ತರಬೇಕು, ಮುಂದಿನ ಮಳೆಗಾಲಕ್ಕೆ ಸೌದೆ ಕೂಡಿಡಬೇಕು, ಬೇಲಿ ಕಟ್ಟಿಸಬೇಕು. ಮನೆಯ ಜನ, ಆಳುಗಳು ಎಲ್ಲರೂ ಬೆಳಗಿನಿಂದ ಸಂಜೆಯ ತನಕ ತೋಟದಲ್ಲಿ ಅಥವಾ ಕಾಡಂಚಿನಲ್ಲಿಯೇ ಇರುವ ಕಾಲವಿದು.

ಇದೇ ದಿನಗಳಲ್ಲಿ, ಇದೇ ತರಗೆಲೆಯ ನಡುವೆ, ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ಒಂದು ಜೀವಿಯೂ ತನ್ನ ಹಂಗಾಮಿಗಾಗಿ ಕಾದಿರುತ್ತದೆ. ಅದು ಉಣುಗು. ಅದರ ಕಡಿತದಿಂದ ಬರುವ ಮಂಗನ ಕಾಯಿಲೆಯ ಹೆಸರನ್ನು ಕೇಳದವರು ನಮ್ಮ ಸೀಮೆಯಲ್ಲಿ ವಿರಳ. ಆದರೆ ಹೆಸರು ಕೇಳಿರುವುದು ಬೇರೆ, ಅದು ಹೇಗೆ ಬರುತ್ತದೆ, ಹೇಗೆ ತಡೆಯಬೇಕು ಎಂದು ತಿಳಿದಿರುವುದು ಬೇರೆ. ಈ ತಿಳುವಳಿಕೆ ಬೆಳೆಗಾರರಿಗೂ ಅವರ ತೋಟದಲ್ಲಿ ದುಡಿಯುವವರಿಗೂ ಇಂದು ಹಿಂದೆಂದಿಗಿಂತ ಹೆಚ್ಚು ಬೇಕಾಗಿದೆ. ಅದಕ್ಕೆ ಕಾರಣವನ್ನು ಮುಂದೆ ಹೇಳಿದೆ.

ರೋಗದ ಹುಟ್ಟೂರು

1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದರಂತೆ ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ವಿಚಿತ್ರ ಜ್ವರ ತಗುಲಿತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದನ್ನು ಕಂಡ ವೈದ್ಯವಿಜ್ಞಾನಿಗಳಿಗೆ ಮೊದಲು ಬಂದ ಭಯವೆಂದರೆ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬುದು. ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನ ಕೇಂದ್ರದ ತಜ್ಞರು ಬಂದು ಪರೀಕ್ಷಿಸಿದಾಗ, ಇದು ಹಳದಿ ಜ್ವರವಲ್ಲ, ಅದುವರೆಗೆ ಲೋಕಕ್ಕೆ ತಿಳಿಯದಿದ್ದ ಹೊಸ ವೈರಸ್ಸು ಎಂದು ಗೊತ್ತಾಯಿತು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಒಂದು ಮಿದುಳು ಜ್ವರದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ. ಕಾಡಿನ ಹೆಸರೇ ರೋಗಕ್ಕೂ ನಿಂತಿತು. ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಇದು ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಕೆ.ಎಫ್.ಡಿ. ನಮ್ಮ ಜನರ ಬಾಯಲ್ಲಿ ಮಂಗನ ಕಾಯಿಲೆ.

ಮೊದಲಿಗೆ ಸೊರಬ, ಸಾಗರ ತಾಲೂಕುಗಳ ಕೆಲವೇ ಹಳ್ಳಿಗಳಿಗೆ ಸೀಮಿತವಾಗಿದ್ದ ರೋಗ ಕ್ರಮೇಣ ತೀರ್ಥಹಳ್ಳಿ, ಹೊಸನಗರಗಳಿಗೂ ಉತ್ತರ ಕನ್ನಡಕ್ಕೂ ಹರಡಿತು. 1982ರ ಸುಮಾರಿಗೆ ಘಟ್ಟದ ಕೆಳಗೆ ಬೆಳ್ತಂಗಡಿ ತಾಲೂಕಿನಲ್ಲಿ ಕಾಣಿಸಿಕೊಂಡು ದೊಡ್ಡ ಅನಾಹುತ ಮಾಡಿತು. ಬಹುಕಾಲ ಕರ್ನಾಟಕದ ಈ ಐದಾರು ಜಿಲ್ಲೆಗಳ ರೋಗವೆಂದೇ ಎಣಿಸಿದ್ದೆವು. ಆದರೆ 2012ರ ಕೊನೆಗೆ ಬಂಡೀಪುರದಲ್ಲಿ, 2013ರಲ್ಲಿ ಕೇರಳದ ವಯನಾಡಿನಲ್ಲಿ, 2015ರಲ್ಲಿ ಗೋವೆಯ ಸತ್ತರಿ ತಾಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಕಾಣಿಸಿಕೊಂಡು, ಪಶ್ಚಿಮ ಘಟ್ಟದ ಉದ್ದಕ್ಕೂ ತನ್ನ ಹೆಜ್ಜೆಯಿಟ್ಟಿದೆ. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಅನೇಕ ಜೀವಗಳು ಹೋದವು. 2024ರಲ್ಲಿ ಸಿದ್ದಾಪುರದ ಕಡೆ ಮತ್ತು ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಿರುವ ತಾಲೂಕುಗಳಲ್ಲಿ ಮತ್ತೆ ತಲೆಯೆತ್ತಿತು. ಆದ್ದರಿಂದ ಇದು ಅಡಿಕೆ ಸೀಮೆಯ ರೋಗ, ಕಾಫಿ ಸೀಮೆಗೆ ಬಾರದು ಎಂದು ಯಾರೂ ನೆಮ್ಮದಿಯಿಂದ ಕೂರುವಂತಿಲ್ಲ.

ರೋಗ ಹರಡುವ ಬಗೆ

ಮಂಗನ ಕಾಯಿಲೆ ಎಂಬ ಹೆಸರಿನಿಂದ ಅನೇಕರಲ್ಲಿ ತಪ್ಪು ಕಲ್ಪನೆ ಬೆಳೆದಿದೆ. ಮಂಗ ಕಚ್ಚಿದರೆ ಅಥವಾ ಮುಟ್ಟಿದರೆ ಈ ರೋಗ ಬರುತ್ತದೆಂದು ತಿಳಿದವರಿದ್ದಾರೆ. ಮಂಗಗಳನ್ನು ಓಡಿಸಿದರೆ ಅಥವಾ ಕೊಂದರೆ ರೋಗ ಹೋಗುತ್ತದೆಂದು ನಂಬಿದವರೂ ಇದ್ದಾರೆ. ನಿಜಸಂಗತಿ ಹೀಗಿದೆ.

ವೈರಸ್ಸಿನ ನಿಜವಾದ ಆಶ್ರಯ ಉಣುಗು ಮತ್ತು ಅದು ರಕ್ತ ಹೀರುವ ಇಲಿ, ಮೂಗಿಲಿ ಮೊದಲಾದ ಕಾಡಿನ ಸಣ್ಣ ಪ್ರಾಣಿಗಳು. ಒಮ್ಮೆ ವೈರಸ್ಸು ಹೊಕ್ಕ ಉಣುಗಿನಲ್ಲಿ ಅದು ಸಾಯುವ ತನಕ ಉಳಿದಿರುತ್ತದೆ. ಅಂಥ ಉಣುಗು ಕಡಿದಾಗ ಮಂಗನಿಗೂ ನಮ್ಮಂತೆಯೇ ಕಾಯಿಲೆಯಾಗುತ್ತದೆ. ಮುಸುವ ಮತ್ತು ಕೆಂಪು ಮೋರೆಯ ಕೋತಿ ಎರಡೂ ಇದಕ್ಕೆ ತುತ್ತಾಗುತ್ತವೆ. ಕಾಯಿಲೆ ಬಿದ್ದ ಮಂಗನ ಮೈಯಲ್ಲಿ ವೈರಸ್ಸು ಹೇರಳವಾಗಿ ಬೆಳೆದು, ಅದರ ರಕ್ತ ಹೀರಿದ ಉಣುಗುಗಳಿಗೆಲ್ಲ ಸೇರುತ್ತದೆ. ಮಂಗ ಸತ್ತು ಮೈ ತಣ್ಣಗಾದೊಡನೆ ಉಣುಗುಗಳು ಕಳಚಿ ನೆಲಕ್ಕೆ ಬೀಳುತ್ತವೆ. ಹೀಗೆ ಮಂಗ ಸತ್ತ ಜಾಗ ಕೆಲವು ಕಾಲ ರೋಗದ ಕಣಜವಾಗಿಬಿಡುತ್ತದೆ. ಆ ದಾರಿಯಲ್ಲಿ ಸೌದೆಗೆ ಹೋದವರು, ದರಕು ಗುಡಿಸಿದವರು ಉಣುಗು ಹತ್ತಿಸಿಕೊಂಡು ಬರುತ್ತಾರೆ.

ಉಣುಗಿನ ಬಾಳು ನಮ್ಮ ಪಂಚಾಂಗಕ್ಕೆ ತಕ್ಕಂತೆ ನಡೆಯುತ್ತದೆ. ಬೆಳೆದ ಉಣುಗು ಮಳೆಗಾಲದಲ್ಲಿ ದನ ಮುಂತಾದ ದೊಡ್ಡ ಪ್ರಾಣಿಗಳ ರಕ್ತ ಕುಡಿದು, ನೆಲಕ್ಕೆ ಬಿದ್ದು, ಎಲೆಯಡಿಯಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಮರಿಗಳು ಹೊರಬರುತ್ತವೆ. ಇವು ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟರೆ ಎಂಟು ಕಾಲಿನ ಎಳೆ ಉಣುಗುಗಳಾಗುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಡಿಯುವುದು ಈ ಎಳೆ ಉಣುಗು. ಅದು ಎಷ್ಟು ಚಿಕ್ಕದೆಂದರೆ ಮೈಮೇಲೆ ಹರಿದರೂ ಗೊತ್ತಾಗುವುದಿಲ್ಲ, ಕಡಿದರೂ ಬಹಳ ಸಲ ನೋಯುವುದಿಲ್ಲ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅದರಲ್ಲೂ ಜನವರಿಯಿಂದ ಮಾರ್ಚ್ ತನಕ, ಇವುಗಳ ಕಾಟ ಹೆಚ್ಚು. ರೋಗಿಗಳ ಸಂಖ್ಯೆ ಏರುವುದೂ ಆಗಲೇ. ಒಳ್ಳೆಯ ಮಳೆ ಬಿದ್ದ ಮೇಲೆ ರೋಗ ಇಳಿಮುಖವಾಗುತ್ತದೆ.

ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ ಎಂಬುದನ್ನೂ ಎಲ್ಲರೂ ತಿಳಿಯಬೇಕು. ರೋಗಿಯ ಮನೆಗೆ ಹೋಗಲು ಹೆದರುವುದು, ಆ ಕುಟುಂಬದವರನ್ನು ಕೆಲಸಕ್ಕೆ ಕರೆಯದಿರುವುದು ಅಜ್ಞಾನದ ಫಲ. ಇದರಿಂದ ಜನ ಜ್ವರವನ್ನೇ ಬಚ್ಚಿಡುವಂತಾಗುತ್ತದೆ.

ತೋಟಿಗರಿಗೇ ಏಕೆ ಹೆಚ್ಚು?

ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪಿನ ಬೆಟ್ಟವೇ ಮೂಲ. ಕೊಟ್ಟಿಗೆಗೆ ಹಾಸಲು ದರಕು, ಹಸಿಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಎಲ್ಲಕ್ಕೂ ನಾವು ಕಾಡಿನ ಅಂಚನ್ನೇ ನೆಚ್ಚಿದ್ದೇವೆ. ಕಾಫಿ ತೋಟವೂ ನೆರಳು ಮರ, ತರಗೆಲೆಗಳ ದಟ್ಟಣೆಯಿಂದ ಅರ್ಧ ಕಾಡೇ ಆಗಿದೆ. ನೆರಳು ಮರಗಳ ಮೇಲೆ ಮಂಗಗಳ ಹಿಂಡು, ಕೆಳಗೆ ಹಣ್ಣು ಬಿಡಿಸುವ ಹೆಂಗಸರು, ಪಕ್ಕದ ಬ್ಯಾಣದಲ್ಲಿ ಮೇಯುವ ದನ. ಉಣುಗು ಬದುಕಲು ಬೇಕಾದುದೆಲ್ಲ ಒಂದೆಡೆ ಸೇರಿದೆ.

ಕಾಡನ್ನು ಕಡಿದು ಸಾಗುವಳಿ ಮಾಡಿದ ಕಡೆಗಳಲ್ಲಿ ಪೊದೆ ಬೆಳೆದು, ದನಗಳು ಅಲ್ಲಿ ಮೇಯತೊಡಗಿ, ಉಣುಗಿನ ಸಂತತಿ ಹೆಚ್ಚಿತೆಂದು ಈ ರೋಗವನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳು 1960ರ ದಶಕದಲ್ಲಿಯೇ ಹೇಳಿದ್ದರು. ದನಗಳು ಈ ರೋಗದಿಂದ ಸಾಯುವುದಿಲ್ಲ. ಆದರೆ ಬೆಳೆದ ಉಣುಗಿಗೆ ಆಹಾರವಾಗಿ, ಅದನ್ನು ಕಾಡಿನಿಂದ ಕೊಟ್ಟಿಗೆಯವರೆಗೆ ಹೊತ್ತು ತರುತ್ತವೆ.

ದರಕಿನ ಹೊರೆಯನ್ನು ತಲೆಯ ಮೇಲೆ ಹೊತ್ತು ತರುವವರು ಹೆಚ್ಚಾಗಿ ಹೆಂಗಸರು. ಹೊರೆಯಿಂದ ಉದುರಿದ ಉಣುಗು ಕೂದಲು, ಕುತ್ತಿಗೆ, ಬೆನ್ನಿಗೆ ಸೇರುತ್ತದೆ. ಕೆಲಸಕ್ಕೆ ಹೋಗದ ಮಕ್ಕಳು, ಮುದುಕರೂ ಅಂಗಳದಲ್ಲಿ ರಾಶಿ ಹಾಕಿದ ದರಕಿನಿಂದ ಉಣುಗು ಹತ್ತಿಸಿಕೊಳ್ಳಬಹುದು.

ರೋಗದ ಲಕ್ಷಣಗಳು

ಉಣುಗು ಕಡಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಚಳಿಯೊಡನೆ ಜೋರು ಜ್ವರ, ಹಣೆಯ ಭಾಗದಲ್ಲಿ ಸಹಿಸಲಾಗದ ನೋವು ಕಾಣಿಸುತ್ತದೆ. ಸೊಂಟ, ಮೀನಖಂಡ, ಕುತ್ತಿಗೆಗಳಲ್ಲಿ ಕಡಿತ, ಕಣ್ಣು ಕೆಂಪಾಗುವುದು, ವಾಂತಿ, ಭೇದಿ, ವಿಪರೀತ ನಿಶ್ಶಕ್ತಿ ಇರುತ್ತದೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ, ಮಲ ಕಪ್ಪಾಗುತ್ತದೆ. ಹೆಚ್ಚಿನವರು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಸುಮಾರು ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಬಿಟ್ಟು ಕೆಲವು ದಿನಗಳ ನಂತರ ಮತ್ತೆ ಮರುಕಳಿಸಿ, ಈ ಸಲ ತಲೆನೋವಿನೊಡನೆ ಕುತ್ತಿಗೆ ಸೆಟೆತ, ಕೈಕಾಲು ನಡುಕ, ಬುದ್ಧಿ ಭ್ರಮಣೆ ಕಾಣಿಸಬಹುದು. ಜ್ವರ ಬಿಟ್ಟಿತೆಂದು ಕೂಡಲೇ ಕೆಲಸಕ್ಕೆ ಕರೆಯಬಾರದೆನ್ನುವುದು ಇದಕ್ಕಾಗಿಯೇ. ರೋಗ ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂದು ಲೆಕ್ಕ. ಬದುಕಿದವರಿಗೂ ತಿಂಗಳುಗಟ್ಟಲೆ ದುಡಿಯುವ ಶಕ್ತಿ ಬರುವುದಿಲ್ಲ.

ಈ ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ. ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವವಾಗದಂತೆ ನೋಡಿಕೊಂಡು ರೋಗಿಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಆದ್ದರಿಂದ ಎಷ್ಟು ಬೇಗ ಆಸ್ಪತ್ರೆ ಸೇರಿದರೆ ಅಷ್ಟು ಕ್ಷೇಮ. ಅಂಗಡಿಯಿಂದ ತಂದ ಮೈಕೈ ನೋವಿನ ಮಾತ್ರೆ ನುಂಗಿ ಮೂರು ದಿನ ಕಳೆಯುವ ರೂಢಿ ಇಲ್ಲಿ ಬಹಳ ಅಪಾಯಕಾರಿ. ಆಸ್ಪಿರಿನ್ ಹಾಗೂ ಅಂಥ ಕೆಲವು ನೋವಿನ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಇಲಿಜ್ವರ, ಡೆಂಗಿಗಳಲ್ಲಿಯೂ ಆರಂಭದ ಲಕ್ಷಣ ಹೀಗೆಯೇ ಇರುವುದರಿಂದ ರಕ್ತ ಪರೀಕ್ಷೆಯಿಂದಲೇ ನಿರ್ಣಯವಾಗಬೇಕು.

ಲಸಿಕೆಯ ಕಥೆ

ಈ ರೋಗಕ್ಕೆ ಲಸಿಕೆಯಿದೆಯಲ್ಲ ಎಂದು ಹಿರಿಯ ಸದಸ್ಯರು ಕೇಳಬಹುದು. 1990ರಿಂದ ಲಸಿಕೆ ಕೊಡುತ್ತಿದ್ದುದು ನಿಜ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಲ್ಲಿ ಇನ್ನೊಂದು, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ ಹಾಕಿಸಿಕೊಳ್ಳಬೇಕಾಗಿತ್ತು. ಚುಚ್ಚಿದ ಜಾಗದ ನೋವಿಗೆ ಹೆದರಿ, ಒಂದು ದಿನದ ಕೂಲಿ ತಪ್ಪುತ್ತದೆಂದು ಬಹಳ ಜನ ಪೂರ್ತಿ ಹಾಕಿಸಿಕೊಳ್ಳುತ್ತಿರಲಿಲ್ಲ. 2005ರಿಂದ 2010ರ ವರೆಗಿನ ಮಾಹಿತಿಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡು ಚುಚ್ಚುಮದ್ದಿನಿಂದ ಶೇಕಡಾ 62ರಷ್ಟು, ಮತ್ತೊಂದು ಸೇರಿದರೆ ಶೇಕಡಾ 83ರಷ್ಟು ರಕ್ಷಣೆ ಸಿಗುತ್ತಿತ್ತು. ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದುದರಿಂದ 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೇತೃತ್ವದಲ್ಲಿ ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಪರೀಕ್ಷೆಗಳನ್ನೆಲ್ಲ ದಾಟಿ ನಮ್ಮ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬರುವ ತನಕ ಉಣುಗು ಕಡಿಯದಂತೆ ನೋಡಿಕೊಳ್ಳುವುದೇ ನಮಗಿರುವ ಲಸಿಕೆ. ತಿಳುವಳಿಕೆ ಹಿಂದೆಂದಿಗಿಂತ ಹೆಚ್ಚು ಬೇಕೆಂದು ಮೊದಲು ಹೇಳಿದ್ದಕ್ಕೆ ಕಾರಣ ಇದೇ.

ಬೆಳೆಗಾರರು ಮಾಡಬೇಕಾದುದು

1. ಕಾಡಿಗೆ, ಬೆಟ್ಟಕ್ಕೆ ಹೋಗುವವರು ಕೈಕಾಲು, ಕುತ್ತಿಗೆಗಳಿಗೆ ಉಣುಗು ನಿವಾರಕ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ಹಿಂದೆ ಡಿ.ಎಂ.ಪಿ. ಎಣ್ಣೆ ಹಂಚುತ್ತಿದ್ದರು, ಈಗ ಡೆಪಾ ಎಣ್ಣೆಯನ್ನು ಆರೋಗ್ಯ ಇಲಾಖೆಯವರು ರೋಗವಿರುವ ಊರುಗಳಲ್ಲಿ ಕೊಡುತ್ತಾರೆ. ಕಣ್ಣು, ಬಾಯಿ, ಗಾಯಗಳಿಗೆ ತಾಗಿಸಬಾರದು. ಎಷ್ಟು ಹೊತ್ತಿಗೊಮ್ಮೆ ಮತ್ತೆ ಹಚ್ಚಬೇಕೆಂದು ಬಾಟಲಿಯ ಮೇಲಿನ ಸೂಚನೆ ನೋಡಿ ಆಳುಗಳಿಗೆ ತಿಳಿಸಬೇಕು. ಬಾಟಲಿ ಯಜಮಾನರ ಮನೆಯ ಅಟ್ಟದಲ್ಲಿದ್ದರೆ ಪ್ರಯೋಜನವಿಲ್ಲ. ಕತ್ತಿ, ಕುಕ್ಕೆಗಳಂತೆ ಅದೂ ಕೆಲಸಕ್ಕೆ ಹೊರಡುವ ಜಾಗದಲ್ಲಿಯೇ ಇರಬೇಕು.

2. ಮೈತುಂಬ ಬಟ್ಟೆ, ಉದ್ದ ತೋಳಿನ ಅಂಗಿ ತೊಡಬೇಕು. ತಲೆಗೆ ಬಟ್ಟೆ ಕಟ್ಟಬೇಕು. ತರಗೆಲೆಯ ಮೇಲೆ ಕುಳಿತು ಬುತ್ತಿ ಉಣ್ಣುವುದು, ಮಲಗುವುದು ಕೂಡದು.

3. ಸಂಜೆ ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಬಿಸಿನೀರು, ಸಾಬೂನಿನಿಂದ ಸ್ನಾನ ಮಾಡಬೇಕು. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ತಲೆಗೂದಲನ್ನು ಪರೀಕ್ಷಿಸಬೇಕು. ಲೈನು ಮನೆಗಳಲ್ಲಿ ಸಂಜೆ ಬಿಸಿನೀರಿಗೆ ಸೌದೆ, ಬಚ್ಚಲಿನ ಅನುಕೂಲ ಒದಗಿಸದೆ ಸ್ನಾನ ಮಾಡಿರೆಂದು ಉಪದೇಶಿಸಿದರೆ ಸಾಲದು.

4. ಕಚ್ಚಿಕೊಂಡ ಉಣುಗನ್ನು ಸಣ್ಣ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಬಿಡುವುದು, ಉಗುರಿನಿಂದ ಚಿವುಟಿ ಒಡೆಯುವುದು ತಪ್ಪು. ಬಳಿಕ ಆ ಜಾಗವನ್ನು ಸಾಬೂನಿನಿಂದ ತೊಳೆಯಬೇಕು.

5. ಮಂಗ ಸತ್ತಿರುವುದು ಕಂಡರೆ ಮುಟ್ಟಬಾರದು, ಹೂಳುವ ಸಾಹಸಕ್ಕೂ ಕೈಹಾಕಬಾರದು. ಅದೇ ದಿನ ಆರೋಗ್ಯ ಕೇಂದ್ರ, ಅರಣ್ಯ ಇಲಾಖೆ ಅಥವಾ ಪಂಚಾಯತಿಗೆ ತಿಳಿಸಬೇಕು. ಅವರು ಬಂದು ಪರೀಕ್ಷೆಗೆ ಬೇಕಾದುದನ್ನು ತೆಗೆದುಕೊಂಡು, ಸುತ್ತ 50 ಅಡಿಗಳವರೆಗೆ ಕೀಟನಾಶಕ ಪುಡಿ ಹಾಕುತ್ತಾರೆ. ಅಲ್ಲಿಯವರೆಗೆ ಆ ಕಡೆ ಆಳುಗಳನ್ನು ಕಳಿಸಬಾರದು. ಸತ್ತ ಮಂಗ ನಮಗೆ ಸಿಗುವ ಮೊದಲ ಎಚ್ಚರಿಕೆ. ಸುದ್ದಿ ಬಚ್ಚಿಟ್ಟರೆ ಎರಡನೆಯ ಎಚ್ಚರಿಕೆ ಮನುಷ್ಯನ ಜ್ವರದ ರೂಪದಲ್ಲಿ ಬರುತ್ತದೆ.

6. ದನಗಳಿಗೆ ಪಶುವೈದ್ಯರ ಸಲಹೆಯಂತೆ ಉಣುಗು ನಿವಾರಕ ಔಷಧ ಕೊಡಿಸಬೇಕು. ಮಂಗ ಸತ್ತ ಕಡೆ ಮೇಯಲು ಬಿಡಬಾರದು. ಆ ವರ್ಷ ಅಂಥ ಬೆಟ್ಟದ ದರಕನ್ನು ಬಿಟ್ಟು, ತೋಟದಲ್ಲಿಯೇ ಸಿಗುವ ಸೋಗೆ, ಹಾಳೆಗಳನ್ನು ಹಾಸಿಗೆಗೂ ಮುಚ್ಚಿಗೆಗೂ ಬಳಸಿಕೊಳ್ಳುವುದು ಒಳ್ಳೆಯದು.

7. ಕೊಯ್ಲಿನ ಕಾಲದಲ್ಲಿ ಯಾರಿಗೇ ಜ್ವರ ಬಂದರೂ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಕಾಡಿಗೆ ಹೋಗಿದ್ದುದನ್ನು, ಉಣುಗು ಕಡಿದುದನ್ನು ವೈದ್ಯರಿಗೆ ಹೇಳಬೇಕು.

ತಿಳುವಳಿಕೆ ತಲಪದ ಜನ

ಮೇಲಿನ ಮಾತುಗಳಲ್ಲಿ ಹೊಸದೇನೂ ಇಲ್ಲ ಎಂದು ಹಳಬರಿಗೆ ಅನ್ನಿಸಬಹುದು. ಆದರೆ ಇಂದು ತೋಟಗಳಲ್ಲಿ ಕೆಲಸ ಮಾಡುವವರು ಯಾರೆಂದು ಯೋಚಿಸಿ. ಕಾಫಿ ಕುಯಿಲಿಗೆ ಬಯಲುಸೀಮೆಯಿಂದ, ಅಸ್ಸಾಮಿನಂಥ ದೂರದ ರಾಜ್ಯಗಳಿಂದ ಕುಟುಂಬಗಳು ಬರುತ್ತಿವೆ. ಉಣುಗಿನಿಂದ ಜೀವ ಹೋಗಬಹುದೆಂಬ ಕಲ್ಪನೆಯೇ ಅವರಿಗಿಲ್ಲ. ಆಶಾ ಕಾರ್ಯಕರ್ತೆ ಹಳ್ಳಿಯ ಮನೆಮನೆಗೆ ಹೋಗಿ ಎಚ್ಚರಿಕೆ ಹೇಳುತ್ತಾರೆ, ಜ್ವರದ ಲೆಕ್ಕ ಬರೆಯುತ್ತಾರೆ. ಎರಡು ತಿಂಗಳಿಗೆಂದು ಬಂದು ತೋಟದ ಒಳಗಿನ ಲೈನಿನಲ್ಲಿ ಉಳಿದವರ ಹೆಸರು ಆ ಪಟ್ಟಿಗೆ ಸೇರಬೇಕಾದರೆ ಬೆಳೆಗಾರರೇ ಅವರಿಗೆ ತಿಳಿಸಬೇಕು. ಕನ್ನಡ ಓದಲು ಬಾರದವರಿಗೆ ಗೋಡೆಯ ಭಿತ್ತಿಪತ್ರ ಕಾಗದದ ಚೂರಷ್ಟೇ. ಕೆಲಸ ಹಂಚುವ ಮೇಸ್ತ್ರಿ ಬೆಳಿಗ್ಗೆ ಐದು ನಿಮಿಷ ಅವರ ಭಾಷೆಯಲ್ಲಿ ಹೇಳಿ, ಎಣ್ಣೆ ಹಚ್ಚಿಸಿ ಕಳಿಸಿದರೆ ಹತ್ತು ಭಿತ್ತಿಪತ್ರಗಳ ಕೆಲಸವಾಗುತ್ತದೆ.

ಇನ್ನೊಂದು ತೊಡಕು ಕೂಲಿಯದು. ಆಸ್ಪತ್ರೆ ದೂರ, ಬಸ್ಸು ಅಪರೂಪ, ಹೋದರೆ ಆ ದಿನದ ಕೂಲಿಯೂ ಇಲ್ಲ. ಹೀಗಿರುವಾಗ ಜ್ವರ ಬಂದವನು ಒಂದು ದಿನ ನೋಡೋಣವೆನ್ನುವುದು ಸಹಜ. ಜ್ವರದ ಮೊದಲ ದಿನ ಆಸ್ಪತ್ರೆಗೆ ಹೋದವರಿಗೆ ಅರ್ಧ ಕೂಲಿಯಾದರೂ ಕೊಟ್ಟು, ತೋಟದ ಜೀಪಿನಲ್ಲಿ ಕಳಿಸುವ ಪದ್ಧತಿಯಿಟ್ಟರೆ ಆಗುವ ಖರ್ಚು ಅಲ್ಪ. ಕುಯಿಲಿನ ನಡುವೆ ಒಬ್ಬರು ಹಾಸಿಗೆ ಹಿಡಿದು, ಉಳಿದವರು ಹೆದರಿ ಗಂಟುಮೂಟೆ ಕಟ್ಟಿದರೆ ಆಗುವ ನಷ್ಟ ದೊಡ್ಡದು. ಹೋದ ಜೀವಕ್ಕಂತೂ ಬೆಲೆ ಕಟ್ಟಲಾಗದು.

ಶಾಲೆಯ ಮಕ್ಕಳನ್ನೂ ಮರೆಯಬಾರದು. ಸಂಜೆ ಅಮ್ಮನ ತಲೆಗೂದಲಲ್ಲಿ ಉಣುಗು ಹುಡುಕುವುದನ್ನು ಶಾಲೆಯಲ್ಲಿ ಕಲಿತ ಮಗು ಮನೆಯವರಿಗೆಲ್ಲ ಪಾಠ ಹೇಳುತ್ತದೆ. ದಸರಾ ರಜೆ ಮುಗಿದು ಶಾಲೆ ಆರಂಭವಾದಾಗ ಆರೋಗ್ಯ ಕೇಂದ್ರದವರಿಂದ ಒಂದು ಗಂಟೆಯ ಪಾಠ ಮಾಡಿಸಲು ಶಾಲಾ ಸಮಿತಿಯಲ್ಲಿರುವ ಸದಸ್ಯರು ಮುಂದಾಗಬೇಕು.

ಸಹಕಾರ ಸಂಘಗಳ ಪಾತ್ರ

ಗೊಬ್ಬರ, ಸುಣ್ಣ, ಮೈಲುತುತ್ತಗಳನ್ನು ಹಂಗಾಮಿಗೆ ಮೊದಲೇ ತರಿಸಿ ಸದಸ್ಯರಿಗೆ ಒದಗಿಸುವುದು ಸಹಕಾರ ಸಂಘಗಳಿಗೆ ರೂಢಿಯಾದ ಕೆಲಸ. ಕೊಳೆರೋಗ ಬಂದ ಮೇಲೆ ಬೋರ್ಡೋ ಸಿಂಪಡಿಸಿದರೆ ಫಲವಿಲ್ಲ, ಮಳೆಗೆ ಮುಂಚೆಯೇ ಸಿಂಪಡಿಸಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನುಷ್ಯರ ರೋಗಕ್ಕೂ ಇದೇ ನ್ಯಾಯ. ನವೆಂಬರ್ ತಿಂಗಳೊಳಗೆ ಉಣುಗು ನಿವಾರಕ ಎಣ್ಣೆಯ ದಾಸ್ತಾನು ಸಂಘದ ಮಳಿಗೆಗಳಲ್ಲಿರುವಂತೆ, ಆರೋಗ್ಯ ಇಲಾಖೆಯಿಂದ ಬರುವ ಎಣ್ಣೆ ಒಳಗಿನ ಹಳ್ಳಿಗಳಿಗೂ ತಲಪುವಂತೆ ನೋಡಿಕೊಳ್ಳಬಹುದು. ಅಡಿಕೆ ಮಾರಲು ಬರುವ ಸದಸ್ಯರಿಂದ ಮಂಗ ಸತ್ತ ಸುದ್ದಿಯನ್ನು ಪಡೆದು ಅಂದೇ ಇಲಾಖೆಗೆ ಮುಟ್ಟಿಸಬಹುದು. ವಾರ್ಷಿಕ ಸಭೆಯ ಕಾರ್ಯಕ್ರಮದಲ್ಲಿ ಲಾಭಾಂಶದ ಚರ್ಚೆಯ ಜೊತೆಗೆ ವೈದ್ಯಾಧಿಕಾರಿಗಳ ಅರ್ಧ ಗಂಟೆಯ ಮಾತಿಗೂ ಎಡೆ ಮಾಡಿಕೊಡಬಹುದು.

ಕ್ಯಾಸನೂರಿನಲ್ಲಿ ರೋಗ ಗುರುತಾಗಿ ಆರು ದಶಕಗಳು ದಾಟಿದವು. ಅಂದಿನಿಂದ ಇಂದಿನವರೆಗೆ ಸತ್ತವರಲ್ಲಿ ಬಹುಪಾಲು ಜನ ಸೌದೆಗೆ, ಸೊಪ್ಪಿಗೆ, ದನಕ್ಕೆ, ಕೂಲಿಗೆ ಕಾಡು ಹೊಕ್ಕವರು. ಈ ಸಲದ ಕೊಯ್ಲಿಗೆ ಆಳುಗಳ ಲೆಕ್ಕ ಹಾಕುವಾಗ ಪ್ರತಿಯೊಬ್ಬ ಸದಸ್ಯರೂ ಎಣ್ಣೆಯ ಬಾಟಲಿಗಳ ಲೆಕ್ಕವನ್ನೂ ಹಾಕಬೇಕೆಂದು, ಹತ್ತಿರದ ಆರೋಗ್ಯ ಕೇಂದ್ರದ ದೂರವಾಣಿ ಸಂಖ್ಯೆಯನ್ನು ಕಣದ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಬೇಕೆಂದು ಕೋರಿಕೆ.